ಹಸಿವಿಲ್ಲದ ಬೂತಾಯಿ

ಚೈತ್ರದ ಬಿಸಿಲಿಗೆ ಕಡಲು ಬೆಚ್ಚಗಾಗಿತ್ತು. ಶೋಕಿಗೆ ಮೀನು ಹಿಡಿಯುವವರ ದೋಣಿಯ ಹಿಂದೆ, ಹೊಟ್ಟೆಯಡಿ ಗಾಳ ಸಿಕ್ಕಿಸಿಕೊಂಡ ಪ್ಲಾಸ್ಟಿಕ್ ಬೂತಾಯಿ ಮೀನೊಂದು ಥಳಥಳಿಸುತ್ತ ಈಜುತ್ತಿತ್ತು. ಎರಡು ದಿನದಿಂದ ಹೊಟ್ಟೆಗಿಲ್ಲದ ಅಂಜಲ್ ಮೀನು ಬಾಯಿ ತೆರೆದುಕೊಂಡು ನುಗ್ಗಿತು. ಬೂತಾಯಿ ಓಡಲಿಲ್ಲ. ಅಂಜಲ್ ಮೀನಿಗೆ ಸೋಜಿಗವಾಯಿತು.

"ನನ್ನನ್ನು ಕಂಡರೆ ನಿನಗೆ ಭಯವಿಲ್ಲವೇ?"

"ಇಲ್ಲ. ಬೇಕಾದರೆ ತಿನ್ನು."

"ನಿನ್ನ ಬಳಗವೆಲ್ಲಿ?"

"ನಾನೊಬ್ಬನೇ."

"ಬೆಳಗಿನಿಂದ ಏನು ತಿಂದೆ?"

"ನನಗೆ ಹಸಿವೆಂಬುದೇ ಇಲ್ಲ," ಎಂದಿತು ಬೂತಾಯಿ ಹೆಮ್ಮೆಯಿಂದ.

ಅಂಜಲ್ ಹೊಟ್ಟೆ ಚುರುಗುಟ್ಟುತ್ತಿದ್ದರೂ ತೆರೆದ ಬಾಯಿ ಮುಚ್ಚಿತು. "ಹಸಿವಿಲ್ಲದ ಮೀನನ್ನು ಈ ಕಡಲಲ್ಲಿ ನಾನು ಕಂಡಿಲ್ಲ. ನಿನ್ನ ಹಸಿವು ಮೇಲೆ ದೋಣಿಯಲ್ಲಿ ಕೂತಿರಬೇಕು," ಎಂದು ಹೇಳಿ ಆಳಕ್ಕಿಳಿಯಿತು.