ಬೆವರಿಲ್ಲದ ಜರ್ಸಿ

ದೇಶದ ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡನೇ ನಂಬರಿನ ಜರ್ಸಿ ಅಂತರರಾಷ್ಟ್ರೀಯ ಪಂದ್ಯಾವಳಿ ಮುಗಿಸಿ, ಆಟಗಾರ್ತಿ ಸುಗುಣಳ ಜೊತೆ ಮನೆಗೆ ಬಂತು. ಅವ್ವ ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದಳು.

"ನೀರು ತಿಳಿಯಾಗಿಯೇ ಇದೆಯಲ್ಲ! ನೀನು ಆಡಲಿಲ್ಲವೇ?" ಎಂದು ಬಕೆಟ್ಟು ಕೇಳಿತು.

ಜರ್ಸಿ ನಾಚಿ ಮುದುಡಿತು. "ಐದು ಪಂದ್ಯವೂ ಬೆಂಚಿನ ಮೇಲೇ ಕಳೆದವು. ಈಗ ಕರೆದಾರು, ಈಗ ಕರೆದಾರು ಎಂದು ಸುಗುಣ ನನ್ನ ಮೇಲೆ ಜಾಕೆಟ್ಟು ಕೂಡ ಹಾಕಲಿಲ್ಲ. ಯಾರೂ ಕರೆಯಲಿಲ್ಲ."

"ಹಾಗಾದರೆ ನಿನ್ನನ್ನು ಒಗೆಯುವುದೇಕೆ?"

ಜರ್ಸಿಗೂ ಹಾಗೇ ಅನ್ನಿಸಿತು. ಅವ್ವ ಒಮ್ಮೆ ನೀರನ್ನು ನೋಡಿದಳು, ಒಮ್ಮೆ ಒಳಗೆ ಮುಸುಕೆಳೆದು ಮಲಗಿದ್ದ ಮಗಳನ್ನು ನೋಡಿದಳು. ಆಮೇಲೆ ಜರ್ಸಿಯ ಕೊರಳಿಗೆ ಸೋಪು ಹಚ್ಚಿ ಗಸಗಸ ಉಜ್ಜುತ್ತ, ಒಳಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಎಷ್ಟು ಬೆವರು ಸುರಿಸಿದ್ದೀಯೇ ಮಗಳೇ! ತಿಕ್ಕಿ ತಿಕ್ಕಿ ನನ್ನ ಕೈಯೇ ಸೋತುಹೋಯ್ತು."