ಹಲಗೆ ಕಲಿಸಿದ ವ್ಯಾಪಾರ

ಏಳನೇ ತರಗತಿಗೆ ಬಂದ ಹೊಸ ಮೊಬೈಲು ಮೊದಲ ದಿನವೇ ಗ್ರೂಪ್ ಕಟ್ಟಿ ಎಲ್ಲರಿಗೂ ಬಾಗಿಲು ತೆರೆದಿಟ್ಟಿತು. ಮಧ್ಯಾಹ್ನದೊಳಗೆ ಶುಭೋದಯ, ಗುಲಾಬಿ, ಕುಣಿಯುವ ಬೆಕ್ಕುಗಳೆಲ್ಲ ಬಂದು ತುಂಬಿದವು. ಪಾಠ ಮಾತ್ರ ಬರಲಿಲ್ಲ. ಮೊದಲ ಗುಲಾಬಿ ಕಳಿಸಿದ್ದ ಹೆಡ್ಮಾಸ್ಟರೇ ರೇಗಿದರು: "ವನಮಾಲಾ ಮಿಸ್, ನಾಳೆ ಸಂಜೆ ಇದನ್ನು ಬೀರುವಿಗೆ ಹಾಕಿ ಬೀಗ ಜಡಿಯಿರಿ."

ಮೊಬೈಲು ಬೆದರಿ ಕರಿಹಲಗೆಯನ್ನು ಕೇಳಿತು: "ಹಲಗೆಯಜ್ಜ, ಇಡೀ ಲೋಕವೇ ನನ್ನಲ್ಲಿದೆ. ಆದರೂ ವ್ಯಾಪಾರ ಕುದುರಲಿಲ್ಲವಲ್ಲ?"

"ಅಂಗಡಿ ತೆರೆದ ದಿನವೇ ಮೂಟೆಯೆಲ್ಲ ಬೀದಿಗೆ ಸುರಿದರೆ ಗಿರಾಕಿ ಏನು ಕೊಂಡಾನು, ಮಗೂ? ನನ್ನನ್ನು ನೋಡು. ದಿನಾ ಒರೆಸುತ್ತಾರೆ, ಆಮೇಲೆ ಒಂದೇ ಪ್ರಶ್ನೆ ಬರೆಯುತ್ತಾರೆ."

ಮೊಬೈಲು ಆ ಮಾತನ್ನು ಮಿಸ್ ಕಿವಿಗೆ ಹಾಕಿತು. ಮರುದಿನ ಬೆಳಗ್ಗೆ ಗ್ರೂಪಿನಲ್ಲಿ ಒಂದೇ ಪ್ರಶ್ನೆಯಿತ್ತು: "ನಿಮ್ಮನೆಯಲ್ಲಿ ಕಾಳಿಗೆ ಹೇಗೆ ಮೊಳಕೆ ಬರಿಸುತ್ತೀರಿ? ಫೋಟೊ ಕಳಿಸಿ."

ಬಟ್ಟೆಯಲ್ಲಿ ಕಟ್ಟಿದ ಹುರುಳಿ ಬಂತು, ಬುಟ್ಟಿಯಲ್ಲಿ ಮುಚ್ಚಿದ ಹೆಸರುಕಾಳು ಬಂತು. ಯಾವ ಕಾಳು ಬೇಗ ಮೊಳೆಯುತ್ತದೆಂದು ತರಗತಿಯಲ್ಲಿ ಜಗಳವೇ ಎದ್ದಿತು. "ಇಷ್ಟು ಅಡುಗೆಮನೆಗಳನ್ನು ನಾನೆಲ್ಲಿ ಕಂಡಿದ್ದೆ!" ಎಂದಿತು ಗೋಡೆ ಬಿಟ್ಟು ಕದಲದ ಹಲಗೆ.

ಸಂಜೆ ಬೀಗ ಹಿಡಿದು ಬಂದ ಹೆಡ್ಮಾಸ್ಟರು ಫೋಟೊ ನೋಡುತ್ತ ಬೆಂಚಿನ ಮೇಲೆ ಕೂತೇಬಿಟ್ಟರು.

"ನಮ್ಮನೆ ಮಡಕೆಕಾಳು ಇನ್ನೂ ಮೊಳೆತಿಲ್ಲ ಮಿಸ್," ಎಂದರು ಮೆಲ್ಲಗೆ. "ನಾಳೆ ಕಳಿಸಿದರೆ ನಡೆದೀತೇ?"