ಕೂಗಿಗೆ ಓಗೊಟ್ಟವಳು

"ಗುರುಗಳೇ, ನಮ್ಮಜ್ಜ ಮಂತ್ರಿ, ನಮ್ಮಪ್ಪ ಮುಖ್ಯಮಂತ್ರಿ. ಈಗ ನನ್ನನ್ನು ಸರ್ಕಾರದ ಪರ ವಾದಿಸುವ ಅಡ್ವೊಕೇಟ್ ಜನರಲ್ ಮಾಡುತ್ತಿದ್ದಾರೆ. ನಮ್ಮ ಮನೆಯವರಿಗೆ ಸೋತು ಗೊತ್ತಿಲ್ಲ. ಕೋರ್ಟಿನಲ್ಲಿ ಒಂದು ಸುಳ್ಳು ಹೇಳಿ ಗೆದ್ದುಬಿಟ್ಟರೆ ಅದು ಅಲ್ಲಿಗೆ ಮುಗಿಯಿತಲ್ಲವೇ?" ಎಂದು ಶಿಷ್ಯ ಎದೆಯುಬ್ಬಿಸಿ ಕೇಳಿದ.

ಗುರು ಹೇಳಿದರು:

ನಿನಗಿಂತ ಮೊದಲು ಆ ಹುದ್ದೆಯಲ್ಲಿ ಒಬ್ಬ ವಕೀಲನಿದ್ದ. ಅವನದೂ ಆಳಿದ ಮನೆ. ಅವನಪ್ಪ ಮಂತ್ರಿಯಾಗಿದ್ದಾಗ ದ್ಯಾವೀರಮ್ಮ ಎಂಬ ಮುದುಕಿಯ ಹೊಲವನ್ನು ಸರ್ಕಾರದ ಹೆಸರಿನಲ್ಲಿ ಕಿತ್ತುಕೊಂಡಿದ್ದ. ಮುದುಕಿ ಮೊಕದ್ದಮೆ ಹೂಡಿದಳು. ವಕೀಲ ವಾಯಿದೆಯ ಮೇಲೆ ವಾಯಿದೆ ಕೇಳಿದ. ಮುದುಕಿ ಸತ್ತಳು.

ಕೋರ್ಟಿನಲ್ಲಿ ಸುದ್ದಿ ಮುಟ್ಟಿದ್ದು ಅವನೊಬ್ಬನಿಗೆ. ಸತ್ತಳೆಂದು ಕೋರ್ಟಿಗೆ ತಿಳಿಸಿದರೆ, ದೂರದೂರಿನಲ್ಲಿರುವ ಮಗಳು ಅವಳ ಜಾಗದಲ್ಲಿ ಬಂದು ನಿಲ್ಲುತ್ತಾಳೆ. ಬದುಕಿದ್ದೂ ಬರಲಿಲ್ಲವೆಂದರೆ ಮೊಕದ್ದಮೆ ವಜಾ. ಅಪ್ಪನ ಹೆಸರು ಉಳಿಯುತ್ತದೆ, ತನಗೂ ಮಂತ್ರಿ ಪದವಿ ಸಿಗುತ್ತದೆ.

"ಗಟ್ಟಿಯಾಗೇ ಇದ್ದಾಳೆ, ಸ್ವಾಮಿ. ಬರಲು ಮನಸ್ಸಿಲ್ಲ, ಅಷ್ಟೇ" ಎಂದು ನ್ಯಾಯಾಧೀಶರಿಗೆ ಹೇಳಿದ.

ವಜಾ ಮಾಡುವ ಮುಂಚೆ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಬೇಕು. "ದ್ಯಾವೀರಮ್ಮಾ!" ಎಂದು ಕೂಗಿದ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ. ಮೂರನೆಯ ಕೂಗಿಗೆ ಜಗಲಿಯ ಆ ತುದಿಯಿಂದ ದನಿ ಬಂತು.

"ಬಂದೆ ತಡಿಯೋ ನನ್ನಪ್ಪಾ! ಯಾಕಂಗೆ ಬಡ್ಕೋತೀಯ? ಕಾಲು ನಡೀಬೇಕಲ್ಲ!"

ಕೋರ್ಟು ನಕ್ಕಿತು. ವಕೀಲ ನಗಲಿಲ್ಲ.

"ವಯಸ್ಸಾದವಳು. ಬರಲಿ, ಕಾಯೋಣ" ಎಂದರು ನ್ಯಾಯಾಧೀಶರು.

ಕಾದರು. ಕೋಲೂರುವ ಸದ್ದು ಕೇಳುತ್ತಿತ್ತು. ಯಾರೂ ಬರಲಿಲ್ಲ. ಕೋರ್ಟು ಏಳುವ ಹೊತ್ತಾಯಿತು. ಮುಂದಿನ ವಾಯಿದೆಗೂ ಅದೇ ಕೂಗು, ಅದೇ ದನಿ. ಪ್ರತಿ ವಾಯಿದೆಗೆ ಕೋಲಿನ ಸದ್ದು ಇನ್ನಷ್ಟು ಹತ್ತಿರ. "ಅವಳು ಸತ್ತಿದ್ದಾಳೆ" ಎಂದು ವಕೀಲ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ತನ್ನ ಸುಳ್ಳು ಬಯಲಾಗುತ್ತದೆ. ಬಾಯಿ ಬಿಡಲಿಲ್ಲ.

ಒಂದು ದಿನ ಸದ್ದು ಹೊಸ್ತಿಲಿಗೆ ಬಂದು ನಿಂತಿತು. ವಕೀಲ ಗೌನು ಕಳಚಿ ಕುರ್ಚಿಯ ಮೇಲೆ ಹಾಕಿ ಹಿಂಬಾಗಿಲಿನಿಂದ ಹೊರಗೆ ಹೋದ. ಮತ್ತೆ ಅವನನ್ನು ಕಂಡವರಿಲ್ಲ.

ಶಿಷ್ಯ ಜೋರಾಗಿ ನಕ್ಕ. "ಪುಕ್ಕಲ! ಹೋಗಲಿ ಬಿಡಿ. ಆಮೇಲೆ ಮುದುಕಿ ಒಳಗೆ ಬಂದಳೋ?"

ಗುರು ಅವನ ಮುಖ ನೋಡಿದರು.

"ಖಾಲಿ ಕುರ್ಚಿ ಕಂಡು ಹೊಸ್ತಿಲಲ್ಲೇ ನಿಂತಿದ್ದಾಳೆ, ನೀನು ಹೋಗಿ ಕೂತ ಮೇಲೆ ಬರುತ್ತಾಳೆ."